ಗಟ್ಟಿ ಆಳಿಗೂ ಬೇಕು ತಪಾಸಣೆ



ಅಳ್ನಾವರದ ಸುತ್ತಲಿನ ಭತ್ತ, ಕಬ್ಬಿನ ಸೀಮೆಯಲ್ಲಿ ಎತ್ತು ಮೇವು ಬಿಟ್ಟರೆ ಅಂದೇ ಪಶುವೈದ್ಯರನ್ನು ಕರೆಸುತ್ತಾರೆ. ದುಡಿಯುವ ಗಂಡಸು ಮಾತ್ರ ಹಾಸಿಗೆ ಹಿಡಿಯುವ ತನಕ ದವಾಖಾನೆಯ ಮೆಟ್ಟಿಲು ಹತ್ತುವುದಿಲ್ಲ. "ನನಗೇನಾಗೇದ, ಗಟ್ಟಿ ಇದ್ದೀನಿ" ಎಂಬುದೇ ಅವನ ಉತ್ತರ.

ಆದರೆ ಅಧಿಕ ರಕ್ತದೊತ್ತಡ ಬಹುಮಟ್ಟಿಗೆ ಯಾವ ಲಕ್ಷಣವನ್ನೂ ತೋರದು. ಒತ್ತಡ ಸದಾ 140/90ಕ್ಕಿಂತ ಮೇಲೇ ಇದ್ದರೆ, ರೆಟ್ಟೆಯಲ್ಲಿ ಕಸುವಿರುವಾಗಲೇ ಹೃದಯ, ಮೂತ್ರಪಿಂಡ, ಮಿದುಳಿನ ರಕ್ತನಾಳಗಳು ಕೆಡುತ್ತಿರುತ್ತವೆ. ಕೆಲವರಿಗೆ ಲಕ್ವವೇ ಮೊದಲ ಸೂಚನೆ. ಸಕ್ಕರೆ ಕಾಯಿಲೆಯೂ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಗುಟ್ಕಾ, ತಂಬಾಕು ಅಗಿಯುವವರ ಬಾಯೊಳಗಿನ ಬಿಳಿ ಕಲೆ ಸಾಮಾನ್ಯವಾಗಿ ನೋಯುವುದಿಲ್ಲ. ಅದು ಮುಂದೆ ಕ್ಯಾನ್ಸರಿಗೆ ತಿರುಗಬಹುದು.

"ತೋರಿಸಿದರೆ ಏನಾದರೂ ಹೊರಬಿದ್ದೀತು" ಎಂಬ ಅಂಜಿಕೆಯೂ ಉಂಟು. ತಪಾಸಣೆಯಿಂದ ರೋಗ ಬರುವುದಿಲ್ಲ. ಇದ್ದ ರೋಗ ಮಾತ್ರೆಗೆ ಬಗ್ಗುವ ಕಾಲದಲ್ಲೇ ಗೊತ್ತಾಗುತ್ತದೆ. ಒಂದು ದಿನದ ಕೂಲಿ ಉಳಿಸಲು ಹೋಗಿ ಲಕ್ವ ಹೊಡೆಸಿಕೊಂಡರೆ ಮಕ್ಕಳ ಓದಿಗೂ ಹೊಲಕ್ಕೂ ಸಂಚಕಾರ.

2024ರಲ್ಲಿ ರಾಜ್ಯದಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆಯಲ್ಲಿ 30 ವರ್ಷ ದಾಟಿದವರ ತಪಾಸಣೆಗೆ ಸಿಬ್ಬಂದಿ ಮನೆಬಾಗಿಲಿಗೇ ಬರುತ್ತಾರೆ. ಆ ಹೊತ್ತಿಗೆ ಗಂಡಸರು ಹೊಲದಲ್ಲಿರುತ್ತಾರೆ! ಅಂಥವರು ಸಂತೆಗೆ ಬಂದ ದಿನವೇ ಸರಕಾರಿ ದವಾಖಾನೆಗೆ ಹೋಗಿಬರಬಹುದು. ಮನೆಯಾಕೆಯೂ ಬೈಯುವುದನ್ನು ಬಿಟ್ಟು, "ನಡೀರಿ, ಇಬ್ಬರೂ ತೋರಿಸಿಕೊಂಡು ಬರೋಣು" ಎಂದರೆ ಯಜಮಾನರು ಸಹಜವಾಗಿ ಹೊರಡುತ್ತಾರೆ. ಮಾತ್ರೆ ಬರೆದುಕೊಟ್ಟರೆ, ಹಗುರೆನಿಸಿತೆಂದು ತಾವಾಗಿಯೇ ನಿಲ್ಲಿಸಬಾರದು.

ವರ್ಷಕ್ಕೊಮ್ಮೆ ಕಾರಹುಣ್ಣಿಮೆಗೆ ಎತ್ತಿನ ಮೈ ತೊಳೆಯುವಾಗ ತಮ್ಮ ಮೈಯ ಲೆಕ್ಕವನ್ನೂ ನೆನೆಯಿರಿ.