‘ಜಿಂಗೋ’ ಎಂಬ ಮಾತು

ಇಂಗ್ಲಿಷ್ ವೃತ್ತಪತ್ರಿಕೆಗಳನ್ನು ಓದುವವರಿಗೆ ‘ಜಿಂಗೋಯಿಸಂ’ ಎಂಬ ಶಬ್ದವು ಅಪರಿಚಿತವಲ್ಲ. ಆಡಂಬರದ, ಅದರಲ್ಲಿಯೂ ಯುದ್ಧಕ್ಕೆ ತೊಡೆತಟ್ಟುವ ದೇಶಾಭಿಮಾನವೆಂದು ಅದಕ್ಕೆ ಅರ್ಥ. ಅದು ಪ್ರಚಾರಕ್ಕೆ ಬಂದುದು ಪಂಡಿತರ ಗ್ರಂಥಗಳಿಂದಲ್ಲ. ಜನರು ಕುಡಿಯುತ್ತ ಕುಳಿತು ಹಾಡು ಕೇಳುತ್ತಿದ್ದ ಲಂಡನ್ನಿನ ವಿನೋದಶಾಲೆಗಳಿಂದ.

1877ರಲ್ಲಿ ರಷ್ಯಕ್ಕೂ ತುರ್ಕಿಗೂ ಯುದ್ಧವಾರಂಭವಾಯಿತು. ಮರುವರ್ಷದ ಮೊದಲಲ್ಲಿ ರಷ್ಯದ ಸೇನೆಯು ಕಾನ್‌ಸ್ಟಾಂಟಿನೋಪಲ್ ನಗರವನ್ನು ಸಮೀಪಿಸಲು, ಪ್ರಧಾನಿ ಡಿಸ್ರೇಲಿಯು ನೌಕಾಪಡೆಯನ್ನು ಅತ್ತ ಕಳುಹಿಸಿದನು. ಆ ದಿನಗಳಲ್ಲಿ ಹಂಟ್ ಎಂಬವನು ರಚಿಸಿ ಮ್ಯಾಕ್‌ಡರ್ಮಟ್ ಎಂಬ ಗಾಯಕನು ಹಾಡಿದ ಹಾಡೊಂದು ಊರನ್ನೇ ಹಿಡಿದುಕೊಂಡಿತು. ತಾವು ಕದನಪ್ರಿಯರಲ್ಲವೆಂದು ಹೇಳಿಕೊಳ್ಳುತ್ತಲೇ ತಮ್ಮ ಬಲವನ್ನೆಲ್ಲ ಎಣಿಸಿ ತೋರಿಸುವ ಹಾಡು ಅದು. ಅದರಲ್ಲಿ ‘ಜಿಂಗೋ’ ಎಂಬುದು ಬರಿಯ ಆಣೆಯ ಮಾತು. ಹಿಂದೆ ಇಂದ್ರಜಾಲದವರು ಉಚ್ಚರಿಸುತ್ತಿದ್ದ ಶಬ್ದ. 1878ರ ಮಾರ್ಚಿಯಲ್ಲಿ ಜಾರ್ಜ್ ಹೋಲಿಯೋಕ್ ಎಂಬಾತನು ಪತ್ರಿಕೆಯೊಂದಕ್ಕೆ ಬರೆದ ಕಾಗದದಲ್ಲಿ ಈ ಗುಂಪಿಗೆ ಆ ಹೆಸರನ್ನೇ ಕಟ್ಟಿದನು. ಹೆಮ್ಮೆಯಿಂದ ಕೂಗಿದ ಆಣೆಯು ಹೀಗೆ ಬಯ್ಗುಳವಾಯಿತು. ಯುದ್ಧವನ್ನು ವಿರೋಧಿಸುತ್ತಿದ್ದ ಗ್ಲ್ಯಾಡ್‌ಸ್ಟನ್ನನ ಮನೆಯ ಕಿಟಕಿಗಳನ್ನು ಜನರು ಒಡೆದುದೂ ಆ ವರ್ಷವೇ. ಕೊನೆಗೆ ಇಂಗ್ಲೆಂಡು ರಣಕ್ಕೆ ಇಳಿಯಲಿಲ್ಲ. ಬರ್ಲಿನ್ನಿನ ಸಭೆಯಲ್ಲಿ ವ್ಯವಹಾರವು ತೀರಿತು. ಹಾಡಿದವರಿಗೆ ಖರ್ಚಾದುದು ಒಳಗೆ ಹೋಗಲು ತೆತ್ತ ಹಣ, ಮೇಲೆ ಒಂದು ಲೋಟ ಬಿಯರು.

ಕನ್ನಡದಲ್ಲಿ ಇದನ್ನು ಏನೆನ್ನೋಣ? ‘ಅಂಧಾಭಿಮಾನ’ವೆಂದರೆ ಸಾಲದು, ಅಂಧಾಭಿಮಾನವು ಮೌನವಾಗಿಯೂ ಇರಬಲ್ಲದು. ‘ಉತ್ತರನ ಪೌರುಷ’ವೆಂಬುದು ಹತ್ತಿರಕ್ಕೆ ಬರುತ್ತದೆ. ಆದರೆ, ಪಾಪ, ವಿರಾಟನ ಮಗನಿಗೆ ಅನ್ಯಾಯವಾಗಬಾರದು. ಹೆಂಗಸರ ಮುಂದೆ ಜಂಬ ಕೊಚ್ಚಿದರೂ ಅವನು ರಥವನ್ನೇರಿ ಹೋಗಿ ಕೌರವಸೇನೆಯನ್ನು ಕಣ್ಣಾರೆ ಕಂಡನು. ಹೆದರಿದುದು ತನ್ನ ಪ್ರಾಣಕ್ಕೆ. ಜಿಂಗೋ ಪಣಕ್ಕೆ ಒಡ್ಡುವುದು ಬೇರೆಯವರ ಮಕ್ಕಳ ಪ್ರಾಣವನ್ನು. ಶಬ್ದದ ತಿರುಳಿರುವುದು ಇಲ್ಲಿ, ಗದ್ದಲದಲ್ಲಿ ಅಲ್ಲವೆಂದು ನನಗೆ ತೋರುತ್ತದೆ. ಬಾವುಟವನ್ನು ಕಂಡು ಕಣ್ಣೀರು ತರುವ ಮುದುಕಿಯನ್ನಾಗಲಿ, ತನ್ನ ಮಗನನ್ನೇ ರಣಕ್ಕೆ ಕಳುಹಿಸಿ ಜಯಕಾರ ಮಾಡುವ ತಂದೆಯನ್ನಾಗಲಿ ಜಿಂಗೋ ಎನ್ನುವುದು ಶಬ್ದದ ದುರುಪಯೋಗ.

ಇಂತಹ ದುರುಪಯೋಗವೇನೂ ವಿರಳವಲ್ಲ. ತನ್ನನ್ನು ತಾನು ಹಾಗೆಂದು ಕರೆದುಕೊಳ್ಳುವವನು ಸಿಕ್ಕುವುದು ಕಷ್ಟ. ಅದು ಸಾಮಾನ್ಯವಾಗಿ ಎದುರುಪಕ್ಷದವರ ಬೆನ್ನಿಗೆ ಅಂಟಿಸುವ ಚೀಟಿ. ಇದರ ನೆಂಟರಾದ ಬೇರೆ ಬಯ್ಗುಳಗಳ ಗತಿಯೂ ಹೀಗೆಯೇ. 1930ರ ದಶಕದಲ್ಲಿ ಜರ್ಮನಿಯ ಯುದ್ಧಸಿದ್ಧತೆಯನ್ನು ಕುರಿತು ಎಚ್ಚರಿಸಿದ ಚರ್ಚಿಲ್ಲನನ್ನು ಯುದ್ಧಪಿಪಾಸುವೆಂದು ಹಳಿದವರು ಹಲವರಿದ್ದರು. ಅವನಾದರೋ 1916ರಲ್ಲಿ ಬೆಲ್ಜಿಯಮ್ಮಿನ ಕಂದಕಗಳಲ್ಲಿ ಪದಾತಿದಳವೊಂದನ್ನು ಸ್ವತಃ ನಡೆಸಿ, ಗುಂಡಿನ ಸದ್ದನ್ನು ಹತ್ತಿರದಿಂದಲೇ ಕೇಳಿದ್ದವನು.