46 ಗಂಟೆಯ ಪಂಪು ಮತ್ತು ನಾವು ಓದದೇ ಹೋದ ಬಿಲ್ಲು

(ಹೊಳಲಿನಲ್ಲಿ ವಿದ್ಯಾರ್ಥಿವೇತನ ವಿತರಣೆಯ ದಿನ ಟ್ರಸ್ಟಿನ ಪರವಾಗಿ ಮಾಡಿದ ಭಾಷಣ)

 

ವರ್ಷದ ಜಮಾ-ಖರ್ಚು ವರದಿಯಲ್ಲಿ ಅಚ್ಚಾಗಿದೆ, ಅದನ್ನು ಇಲ್ಲಿ ಓದುವುದಿಲ್ಲ. ವೈದ್ಯಕೀಯ ನೆರವಿನ ಬಾಬಿನಲ್ಲಿ ನಮ್ಮಿಂದಾದ ಒಂದು ತಪ್ಪನ್ನು ಮಾತ್ರ ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ನಮ್ಮಲ್ಲಿ ನೆರವು ಕೇಳಿಬಂದ ಒಬ್ಬರಿಗೆ ದೊಡ್ಡ ಕರುಳಿನ ಕ್ಯಾನ್ಸರ್. ರೇಷನ್ ಕಾರ್ಡಿನ ತಕರಾರು ಬಗೆಹರಿಯುವಷ್ಟು ಕಾಯಲಾಗದೆ ಖಾಸಗಿ ಆಸ್ಪತ್ರೆ ಸೇರಿದ್ದರು. ಹದಿನೈದು ದಿನಕ್ಕೊಂದು ಸುತ್ತು ಕೀಮೋ. ಬಿಲ್ಲು ತಂದರು, ನಾವು ಕೊನೆಯ ಸಾಲಿನ ಮೊತ್ತ ನೋಡಿ ಚೆಕ್ ಬರೆದೆವು. ಹೀಗೆ ಮೂರು ಸಲ.

ಇದೇ ಟ್ರಸ್ಟಿನ ವಿದ್ಯಾರ್ಥಿವೇತನದಲ್ಲಿ ಓದಿದ ಹುಡುಗಿಯೊಬ್ಬಳು ಈಗ ಮೈಸೂರಿನಲ್ಲಿ ಮೆಡಿಕಲ್ ಕೋಡಿಂಗ್ ಕೆಲಸದಲ್ಲಿದ್ದಾಳೆ. ರಜೆಗೆ ಬಂದವಳು ಕಚೇರಿಯಲ್ಲಿ ಮೂರನೆಯ ಬಿಲ್ಲನ್ನು ನೋಡಿ ಕೇಳಿದಳು: "ಚಾಚಾ, ಈ ಎರಡು ದಿನ ಇವರು ಎಲ್ಲಿ ಮಲಗಿದ್ದರು?"

"ಮನೆಯಲ್ಲೇ ಕಣಮ್ಮ, ಪಂಪು ಕಟ್ಟಿ ಕಳಿಸಿದ್ದರಲ್ಲ."

"ಹಾಗಾದರೆ ಗಂಟೆಗೆ ಇಷ್ಟು ಅಂತ 46 ಗಂಟೆಯ ಇನ್‌ಫ್ಯೂಷನ್ ಚಾರ್ಜು ಯಾಕೆ ಹಾಕಿದ್ದಾರೆ?"

ನಮ್ಮಲ್ಲಿ ಉತ್ತರವಿರಲಿಲ್ಲ. ಆ ಪಂಪು ಏನೆಂದೇ ನಮಗೆ ಸರಿಯಾಗಿ ಗೊತ್ತಿರಲಿಲ್ಲ. ಅವಳೇ ಕೂರಿಸಿಕೊಂಡು ಹೇಳಿಕೊಟ್ಟಳು.

ಫ್ಲೋರೊಯುರಾಸಿಲ್ ಎಂಬ ಔಷಧಿ ರಕ್ತದಲ್ಲಿ ಕೆಲವೇ ನಿಮಿಷ ಉಳಿಯುತ್ತದೆ. ಅದಕ್ಕೇ ಒಂದೇ ಸಲ ಚುಚ್ಚಿ ಮುಗಿಸದೆ, ಸುಮಾರು 46 ಗಂಟೆ ಸಣ್ಣಗೆ ಹರಿಸುತ್ತಾರೆ. ಆಸ್ಪತ್ರೆಯಲ್ಲಿ ಉಳಿದ ಔಷಧಿಗಳನ್ನು ಕೊಟ್ಟು, ಆಮೇಲೆ ಬಾಟಲಿಯಂಥ ಪಂಪನ್ನು ಎದೆಯ ಚರ್ಮದಡಿಯ ಕೀಮೋ ಪೋರ್ಟಿಗೆ ಜೋಡಿಸುತ್ತಾರೆ. ಒಳಗೆ ರಬ್ಬರ್ ಬಲೂನಿದೆ. ಅದು ತಾನಾಗಿ ಕುಗ್ಗುತ್ತಾ ಔಷಧಿ ತಳ್ಳುತ್ತದೆ. ಕರೆಂಟು ಬೇಡ, ಬ್ಯಾಟರಿ ಬೇಡ. ಸೋಮವಾರ ಮಧ್ಯಾಹ್ನ ಎರಡಕ್ಕೆ ಜೋಡಿಸಿದರೆ ಬುಧವಾರ ಹನ್ನೆರಡಕ್ಕೆ ಮುಗಿಯುತ್ತದೆ. ಅಷ್ಟೂ ಹೊತ್ತು ರೋಗಿ ಮನೆಯಲ್ಲಿ. ತೆಗೆಸಲು ಮತ್ತೆ ಆಸ್ಪತ್ರೆಗೆ.

ಅವಳು ದಿನವೂ ನೋಡುವುದು ಅಮೆರಿಕದ ರೋಗಿಗಳ ದಾಖಲೆ. ಅಲ್ಲಿ ಪ್ರತಿ ಚಿಕಿತ್ಸೆಗೂ ಒಂದು ಅಂಕಿಯಿದೆ. ಆಸ್ಪತ್ರೆಯಲ್ಲಿ ಕೂರಿಸಿ ಹರಿಸುವ ಕೀಮೋದ ಮೊದಲ ಗಂಟೆಗೆ 96413, ಮುಂದಿನ ಒಂದೊಂದು ಗಂಟೆಗೂ 96415. ಎಂಟು ಗಂಟೆಗೂ ಮೀರಿ ಪಂಪಿನಲ್ಲಿ ಹರಿಸುವುದಾದರೆ, ಅದನ್ನು ಶುರು ಮಾಡಿದ ಕೆಲಸಕ್ಕೆ 96416, ಒಂದೇ ಸಲ. ಮನೆಯಲ್ಲಿ ಕಳೆದ ಗಂಟೆಗಳನ್ನು 96415ರಲ್ಲಿ ಎಣಿಸುವ ಹಾಗಿಲ್ಲ. ಪಂಪು ಜೋಡಿಸಿದ ಹೊತ್ತು ದಾಖಲೆಯಲ್ಲಿ ಇಲ್ಲದಿದ್ದರೆ ಕೋಡರ್ ಊಹಿಸಿ ಬರೆಯುವುದಿಲ್ಲ, ಫೈಲು ವಾಪಸ್ ಹೋಗುತ್ತದೆ.

ಆ ಅಂಕಿಗಳು ನಮ್ಮ ದೇಶದ ಬಿಲ್ಲಿಗೆ ಅನ್ವಯಿಸುವುದಿಲ್ಲ. ಆದರೆ ಅವಳ ಪ್ರಶ್ನೆ ಇಲ್ಲಿಗೂ ಸಲ್ಲುತ್ತದೆ. ನಮ್ಮ ವಿಮಾ ನಿಯಂತ್ರಣ ಪ್ರಾಧಿಕಾರವೂ ಇನ್‌ಫ್ಯೂಷನ್ ಪಂಪಿನ ವೆಚ್ಚವನ್ನು ಚಿಕಿತ್ಸೆಯ ವೆಚ್ಚದೊಳಗೇ ಸೇರಬೇಕಾದ ಬಾಬುಗಳ ಪಟ್ಟಿಯಲ್ಲಿಟ್ಟಿದೆ. ಬೇರೆ ಸಾಲಾಗಿ ಬಂದರೆ ವಿಮೆಯವರು ಹೊಡೆದುಹಾಕುವ ಸಂಭವವಿದೆ, ಆ ದುಡ್ಡು ರೋಗಿಯ ತಲೆಯ ಮೇಲೆ ಬರುತ್ತದೆ.

ನಾವು ಆಸ್ಪತ್ರೆಗೆ ಪತ್ರ ಬರೆದೆವು. ಅವರು ದಾಖಲೆ ನೋಡಿ, ಮನೆಯಲ್ಲಿದ್ದ ಗಂಟೆಗಳ ಚಾರ್ಜನ್ನು ಮುಂದಿನ ಸುತ್ತಿನಲ್ಲಿ ಕಳೆದುಕೊಟ್ಟರು. ಆದರೆ ಮೊದಲೆರಡು ಸುತ್ತಿಗೆ ನಮ್ಮ ಬಳಿ ಇದ್ದದ್ದು ಬರೀ ರಸೀತಿ, ವಿವರವಾದ ಬಿಲ್ಲಲ್ಲ. ಅದನ್ನು ಕೇಳಿ ಪಡೆಯದೇ ಚೆಕ್ ಕೊಟ್ಟವರು ನಾವು. ಆ ದುಡ್ಡು ಹೋಯಿತು. ನೀವು ಝಕಾತ್ ಎಂದು ನಂಬಿ ಕೊಟ್ಟದ್ದರಲ್ಲಿ ಈ ವರ್ಷ ಇಬ್ಬರು ಪಿಯುಸಿ ಮಕ್ಕಳ ಫೀಸು ಕಟ್ಟಬಹುದಿತ್ತು. ಆ ಇಬ್ಬರ ಹೆಸರು ನಮ್ಮ ಕಾಯುವ ಪಟ್ಟಿಯಲ್ಲಿದೆ.

ಇನ್ನು ಮೇಲೆ ವಿವರವಾದ ಬಿಲ್ಲು ಮತ್ತು ಡಿಸ್ಚಾರ್ಜ್ ಸಾರಾಂಶ ಇಲ್ಲದೆ ಚೆಕ್ ಬರೆಯುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ. ಪಂಪು ಕಟ್ಟಿ ಕಳಿಸಿದರೆ, ಜೋಡಿಸಿದ ದಿನ-ಹೊತ್ತು, ತೆಗೆದ ದಿನ-ಹೊತ್ತು ಎರಡನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ಮೆಡಿಕ್ಲೇಮ್ ಇರುವವರಿಗೆ ಇದು ಇನ್ನೂ ಮುಖ್ಯ: 24 ಗಂಟೆ ಅಡ್ಮಿಟ್ ಆಗದ ಕೀಮೋವನ್ನು ಡೇ ಕೇರ್ ಎಂದು ಸಾಬೀತು ಮಾಡುವುದು ಆ ಕಾಗದಗಳೇ.

ಅದಕ್ಕೂ ಮೊದಲು, ದಯವಿಟ್ಟು ಸರ್ಕಾರಿ ಯೋಜನೆಯ ಬಾಗಿಲು ತಟ್ಟಿ. 2018ರಿಂದ ನಡೆಯುತ್ತಿರುವ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30 ಭಾಗ, ಒಂದೂವರೆ ಲಕ್ಷದ ಮಿತಿಯಲ್ಲಿ. ಮಂಡ್ಯದ ಮಿಮ್ಸ್‌ನಿಂದ ರೆಫರಲ್ ಪತ್ರ ಪಡೆದು ಬೆಂಗಳೂರಿನ ಕಿದ್ವಾಯಿಗೆ ಹೋಗಬಹುದು. ಅಲ್ಲಿ ಕೀಮೋಗೆ ಪ್ಯಾಕೇಜ್ ಲೆಕ್ಕ. ಬಿಪಿಎಲ್ ಕಾರ್ಡಿದ್ದೂ ಯೋಜನೆಯ ಯಾವುದೇ ಆಸ್ಪತ್ರೆಯಲ್ಲಿ ಪಂಪಿಗೆಂದು ಬೇರೆ ನಗದು ಕೇಳಿದರೆ, ಕೊಡುವ ಮೊದಲು ಅಲ್ಲಿನ ಆರೋಗ್ಯಮಿತ್ರರನ್ನು ಕಾಣಿ.

ವಿದ್ಯಾರ್ಥಿವೇತನದ ವಿಷಯ. ಈ ಸಲ ಪ್ಯಾರಾಮೆಡಿಕಲ್ ಡಿಪ್ಲೊಮಾದ ಜೊತೆಗೆ ಮೆಡಿಕಲ್ ಕೋಡಿಂಗ್ ತರಬೇತಿಗೂ ಅರ್ಜಿ ತೆಗೆದುಕೊಳ್ಳುತ್ತೇವೆ. ಅಂಕಪಟ್ಟಿ, ರೇಷನ್ ಕಾರ್ಡು, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಇವುಗಳ ನಕಲು ಸಾಕು. ಆ ಹುಡುಗಿ ತಿಂಗಳಿಗೊಂದು ಭಾನುವಾರ ಕಚೇರಿಯಲ್ಲಿ ಕೂತು ಬಿಲ್ಲು ನೋಡಿಕೊಡಲು ಒಪ್ಪಿದ್ದಾಳೆ. ಮನೆಯಲ್ಲಿ ಚಿಕಿತ್ಸೆ ನಡೆಯುತ್ತಿರುವವರು ದುಡ್ಡು ಕಟ್ಟುವ ಮೊದಲೇ ಬನ್ನಿ.