ಚೌಕದೊಳಗಿನ ದೇವರು, ಚೌಕದಾಚೆಯ ಜನ

(ಅಧ್ಯಯನ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಳಗ್ಗಿನಿಂದ ಭೂಮಿ ಪ್ರಶ್ನೆ ಚರ್ಚೆ ಮಾಡಿದ್ದೇವೆ, ಹಾಸ್ಟೆಲ್ ಪ್ರಶ್ನೆ ಚರ್ಚೆ ಮಾಡಿದ್ದೇವೆ. ಈಗ ಮಕ್ಕಳ ಕಾಮಿಕ್ಸ್ ಪುಸ್ತಕದ ವಿಷಯ ಎತ್ತಿಕೊಂಡರೆ 'ಇದೇನಪ್ಪ, ಇವರು ಮಕ್ಕಳಾಟಕ್ಕೆ ಇಳಿದರು' ಅಂತ ಕೆಲವರಿಗೆ ಅನ್ನಿಸಬಹುದು. ಆದರೆ ನಮ್ಮ ಮಕ್ಕಳ ತಲೆಯೊಳಕ್ಕೆ ಧರ್ಮ ಯಾವ ಬಾಗಿಲಿಂದ ಹೋಗ್ತದೆ ಅನ್ನೋದನ್ನ ನಾವು ನೋಡದೆ ಹೋದರೆ, ಅವರು ದೊಡ್ಡವರಾದ ಮೇಲೆ ಎಷ್ಟು ಶಿಬಿರ ಮಾಡಿದರೂ ಅಷ್ಟೆ. ದೇವಸ್ಥಾನದ ಬಾಗಿಲಲ್ಲಿ ನಮ್ಮನ್ನು ತಡೆಯುವವರಿದ್ದಾರೆ. ಚಿತ್ರಪುಸ್ತಕದ ಬಾಗಿಲಲ್ಲಿ ಯಾರೂ ತಡೆಯೋದಿಲ್ಲ, ಬಾ ಒಳಗೆ ಅಂತಲೇ ಕರೀತಾರೆ. ಯಾಕೆ ಕರೀತಾರೆ, ಕರೆದು ಎಲ್ಲಿ ಕೂರಿಸ್ತಾರೆ ಅನ್ನೋದೇ ಇವತ್ತಿನ ಮಾತು.

ನಮ್ಮ ದೇಶದಲ್ಲಿ ಕಾಮಿಕ್ಸ್ ಮತ್ತು ಧರ್ಮ ಅಂದ ಕೂಡಲೇ ಬರುವ ಹೆಸರು ಅಮರ ಚಿತ್ರ ಕಥಾ. ಅದನ್ನು ಕಟ್ಟಿ ಬೆಳೆಸಿದವರು ಅನಂತ ಪೈ. ನಮ್ಮ ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿ, ಮುಂಬೈಯಲ್ಲಿ ಕೆಲಸ ಮಾಡಿ, 2011ರಲ್ಲಿ ತೀರಿಕೊಂಡರು. ಈ ಸರಣಿಗೆ ಕನ್ನಡದ ನಂಟು ಇನ್ನೂ ಹಳೆಯದು. 1965ರಲ್ಲಿ ಬೆಂಗಳೂರಿನಿಂದ ಇದೇ ಹೆಸರಲ್ಲಿ ಮೊದಲು ಬಂದವು ಕನ್ನಡ ಪುಸ್ತಕಗಳೇ. ಆದರೆ ಅವು ಸಿಂಡ್ರೆಲಾ ಥರದ ಪರದೇಶದ ಕತೆಗಳು. ಇಂಗ್ಲಿಷ್ ಸರಣಿ ಅದಕ್ಕೇ 11ನೇ ಸಂಖ್ಯೆಯಿಂದ ಶುರುವಾಗ್ತದೆ. ಆ 11ನೆಯದು 'ಕೃಷ್ಣ'. ಅಲ್ಲಿಂದ ಮುಂದೆ ನಾನೂರಕ್ಕೂ ಹೆಚ್ಚು ಪುಸ್ತಕ ಬಂದವು, ಇಪ್ಪತ್ತರಷ್ಟು ಭಾಷೆಗೆ ಹೋದವು, ಕೋಟಿಗಟ್ಟಲೆ ಪ್ರತಿ ಮಾರಾಟವಾದವು. ಈಗ ಮೊಬೈಲಿನಲ್ಲೂ ಸಿಗ್ತವೆ.

ಇದು ಹೇಗೆ ಶುರುವಾಯಿತು ಅಂತ ಪೈಯವರು ಒಂದು ಕತೆ ಹೇಳುತ್ತಿದ್ದರು. 1967ರಲ್ಲಿ ದೆಹಲಿಯಲ್ಲಿ ದೂರದರ್ಶನದ ಒಂದು ಕ್ವಿಜ್ ಕಾರ್ಯಕ್ರಮ ನೋಡಿದರಂತೆ. ಗ್ರೀಕ್ ದೇವತೆಗಳ ಬಗ್ಗೆ ಸಲೀಸಾಗಿ ಉತ್ತರ ಹೇಳಿದ ಮಕ್ಕಳಿಗೆ ರಾಮನ ತಾಯಿ ಯಾರು ಅಂದಾಗ ಬಾಯಿ ಬರಲಿಲ್ಲವಂತೆ. ನಮ್ಮ ಮಕ್ಕಳಿಗೆ ನಮ್ಮ ಸಂಸ್ಕೃತಿಯೇ ಗೊತ್ತಿಲ್ಲವಲ್ಲ ಅಂತ ಅವರಿಗೆ ಸಂಕಟವಾಯಿತು.

ಸಂಕಟ ನಿಜವೇ ಇರಬಹುದು. ನಾವು ಕೇಳೋದು ಇಷ್ಟೆ: 'ನಮ್ಮ ಮಕ್ಕಳು' ಅಂದರೆ ಯಾರ ಮಕ್ಕಳು? 'ನಮ್ಮ ಸಂಸ್ಕೃತಿ' ಅಂದರೆ ಯಾರದು? ಮಹಾಡದ ಕೆರೆಯ ನೀರು ಯಾವ ದಿನ ಕುಡಿದರು ಅಂತ ಕೇಳಿದ್ದರೆ ಎಷ್ಟು ಮಕ್ಕಳಿಗೆ ಗೊತ್ತಿರುತ್ತಿತ್ತು? ಗೊತ್ತಿಲ್ಲದಿದ್ದರೆ ಯಾರಿಗೆ ಸಂಕಟ ಆಗುತ್ತಿತ್ತು?

ಈಗ ಕಾಮಿಕ್ಸ್ ಹೇಗೆ ಕೆಲಸ ಮಾಡ್ತದೆ ನೋಡೋಣ. ಹಾಳೆ ಮೇಲೆ ಚೌಕಗಳಿರ್ತವೆ. ಒಂದು ಚೌಕಕ್ಕೂ ಇನ್ನೊಂದಕ್ಕೂ ನಡುವೆ ಬಿಳಿ ಸಂದು. ಈ ಚೌಕದಲ್ಲಿ ಬಿಲ್ಲು ಎಳೆದಿದ್ದಾನೆ, ಮುಂದಿನದರಲ್ಲಿ ರಾಕ್ಷಸ ಬಿದ್ದಿದ್ದಾನೆ. ನಡುವೆ ಆದದ್ದನ್ನು ಓದುವ ಮಗುವೇ ಮನಸ್ಸಿನಲ್ಲಿ ತುಂಬಿಕೊಳ್ತದೆ. ಅಂದರೆ ಬಾಣ ಬಿಡೋದು ಮಗುವೇ. ಪುರಾಣ ಹೇಳುವ ಶಾಸ್ತ್ರಿಗಳ ಎದುರು ಕೂತವನು ಕೇಳಿಸಿಕೊಳ್ತಾನೆ, ತೂಕಡಿಸ್ತಾನೆ, ಎದ್ದು ಹೋಗ್ತಾನೆ. ಕಾಮಿಕ್ಸ್ ಓದುವ ಮಗು ತಾನೇ ಕತೆ ನಡೆಸ್ತದೆ. ಹಾಗಾಗಿ ಅದು ಅಷ್ಟು ಬೇಗ ಒಳಗಿಳೀತದೆ.

ಇನ್ನು ಬಣ್ಣ. ದೇವರಿಗೆ ನೀಲಿ, ರಾಜಕುಮಾರನಿಗೆ ತಿಳಿಗೆಂಪು, ಋಷಿಗೆ ಬೆಳ್ಳಗಿನ ಗಡ್ಡ. ರಾಕ್ಷಸನಿಗೋ ಕಂದು, ಕಪ್ಪು, ದಪ್ಪ ತುಟಿ, ಕೆದರಿದ ಕೂದಲು, ಹೊರಚಾಚಿದ ಹಲ್ಲು. ನಮ್ಮ ಕೇರಿಯ ಕೂಸು ಆ ಪುಸ್ತಕ ಓದಿ ಮುಗಿಸಿ ಕನ್ನಡಿ ನೋಡಿಕೊಂಡರೆ ತನ್ನ ಮುಖ ಯಾವ ಚೌಕದಲ್ಲಿ ಕಾಣ್ತದೆ? ತನ್ನಪ್ಪನ ಮುಖ ಯಾವುದರಲ್ಲಿ ಕಾಣ್ತದೆ? ಯಾರೂ ಬಾಯಿ ಬಿಟ್ಟು 'ನೀನು ಕೀಳು' ಅಂತ ಹೇಳಿಲ್ಲ. ಬಣ್ಣವೇ ಹೇಳಿ ಮುಗಿಸಿರ್ತದೆ.

ಎಲ್ಲಕ್ಕಿಂತ ದೊಡ್ಡ ಮೋಸ ಇರೋದು ಬರೆಯದೆ ಬಿಟ್ಟ ಚೌಕದಲ್ಲಿ. ಮಕ್ಕಳ ರಾಮಾಯಣ ಸಾಮಾನ್ಯವಾಗಿ ಎಲ್ಲಿ ಮುಗೀತದೆ? ಪಟ್ಟಾಭಿಷೇಕದಲ್ಲಿ. ರಾಮ ಸೀತೆ ಸಿಂಹಾಸನದಲ್ಲಿ, ಹನುಮಂತ ಪಾದದ ಹತ್ತಿರ, ಮೇಲಿಂದ ಹೂಮಳೆ. ಅದರ ಮುಂದೆ ಉತ್ತರಕಾಂಡದಲ್ಲಿ ಶಂಬೂಕನ ತಲೆ ಉರುಳೋದು ಮಗುವಿಗೆ ಕಾಣೋದಿಲ್ಲ. ಶೂದ್ರ ತಪಸ್ಸು ಮಾಡಿದ ಅನ್ನುವ ಒಂದೇ ಕಾರಣಕ್ಕೆ ರಾಜನೇ ಬಂದು ಕೊಂದ. ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಈ ಶಂಬೂಕನನ್ನೇ ಎತ್ತಿಕೊಂಡು, ಶಿಕ್ಷೆಯ ಭಯ ಇಲ್ಲದೆ ಚಾತುರ್ವರ್ಣ್ಯ ಒಂದು ದಿನವೂ ನಿಲ್ಲೋದಿಲ್ಲ ಅಂತ ತೋರಿಸಿದರು. ಕನ್ನಡದಲ್ಲಿ ಕುವೆಂಪು 1944ರಲ್ಲೇ 'ಶೂದ್ರತಪಸ್ವಿ' ಬರೆದರು. ಅಲ್ಲಿ ಶಂಬೂಕನ ತಲೆ ಉಳೀತದೆ, ಬಾಗೋದು ಬ್ರಾಹ್ಮಣನ ತಲೆ. ಏಕಲವ್ಯನ ಹೆಬ್ಬೆರಳಿಗೆ ಲೆಕ್ಕ ಕೇಳಿ 1947ರಲ್ಲಿ 'ಬೆರಳ್‌ಗೆ ಕೊರಳ್' ಬರೆದರು. ಮಕ್ಕಳಿಗೆ ಇವತ್ತಿಗೂ ಏಕಲವ್ಯ ಅಂದರೆ ಗುರುಭಕ್ತಿಯ ಪಾಠ. ಬೆರಳು ಕೇಳಿದವನ ಅಪರಾಧ ಮಾಯ, ಬೆರಳು ಕೊಟ್ಟವನ ಭಕ್ತಿಗೆ ಮಾತ್ರ ಬಣ್ಣ.

ಇದಕ್ಕೆ ನೀವು ಹೇಳಬಹುದು: ಅವರು ನಮ್ಮ ಸಂತರ ಕತೆಯನ್ನೂ ಹಾಕಿದ್ದಾರಲ್ಲ, ಚೋಖಾಮೇಳನ ಪುಸ್ತಕ 1983ರಲ್ಲಿ ಬಂತಲ್ಲ ಅಂತ. ಬಂತು, ನಿಜ. ಚೋಖಾಮೇಳ ಮಂಗಳವೇಢೆಯ ಮಹಾರ. ಪಂಢರಪುರದ ವಿಠ್ಠಲನ ಗುಡಿಯೊಳಕ್ಕೆ ಅವನನ್ನು ಬಿಡಲಿಲ್ಲ. ಊರಗೋಡೆ ಕಟ್ಟುವ ಬಿಟ್ಟಿ ಕೆಲಸದಲ್ಲಿ ಗೋಡೆ ಕುಸಿದು ಸತ್ತ ಅಂತ ಹೇಳ್ತಾರೆ. ಸತ್ತ ಮೇಲೂ ಅವನ ಸಮಾಧಿ ಇರೋದು ಗುಡಿಯ ಮೆಟ್ಟಿಲ ಹತ್ತಿರ, ಹೊರಗೇ. ಬಾಬಾಸಾಹೇಬರು ಅಸ್ಪೃಶ್ಯರ ಮೂಲದ ಬಗ್ಗೆ 1948ರಲ್ಲಿ ಬರೆದ ಪುಸ್ತಕವನ್ನು ನಂದನಾರ್, ರವಿದಾಸ, ಚೋಖಾಮೇಳ ಈ ಮೂವರ ನೆನಪಿಗೆ ಅರ್ಪಿಸಿದ್ದಾರೆ. ನಮಗೂ ಅವನು ಬೇಕಾದವನೇ.

ಆದರೆ ಭಕ್ತಿಕತೆಗೆ ಒಂದು ಚಾಳಿ ಇದೆ. ಕತೆ ಗಟ್ಟಿಯಾಗುವ ಹೊತ್ತಿಗೆ ಸರಿಯಾಗಿ ದೇವರು ಬಂದುಬಿಡ್ತಾನೆ. ಪವಾಡ ಆಗ್ತದೆ. ಎಲ್ಲರೂ ಕೈ ಮುಗೀತಾರೆ. ಚಿತ್ರಕ್ಕೆ ಪವಾಡದಷ್ಟು ಚೆಂದದ ವಸ್ತು ಬೇರೆ ಇಲ್ಲ, ಹಾಗಾಗಿ ದೊಡ್ಡ ಚೌಕ ಅದಕ್ಕೇ. ನಮ್ಮ ಉಡುಪಿಯ ಕತೆಯೂ ಇದೇ ಅಲ್ಲವೇ? ಕನಕನಿಗಾಗಿ ಕೃಷ್ಣ ತಿರುಗಿದ, ಗೋಡೆ ಬಿರುಕು ಬಿಟ್ಟಿತು, ಕಿಂಡಿ ಆಯಿತು ಅಂತಾರೆ. ದೇವರು ತಿರುಗಿದ, ಬಾಗಿಲು ಮಾತ್ರ ತೆರೆಯಲಿಲ್ಲ! ಕನಕ ನಿಂತಲ್ಲೇ ನಿಂತ. ಪಂಢರಪುರದ ಬಾಗಿಲು ಅಸ್ಪೃಶ್ಯರಿಗೆ ತೆರೆದದ್ದು ಯಾವಾಗ? 1947ರಲ್ಲಿ, ಸಾನೆ ಗುರೂಜಿ ಉಪವಾಸ ಕೂತ ಮೇಲೆ. ಚೋಖಾಮೇಳ ಸತ್ತು ಆರುನೂರು ವರ್ಷ ಆಗಿತ್ತು. ಆರುನೂರು ವರ್ಷ ಪವಾಡಕ್ಕೆ ತೆರೆಯದ ಬಾಗಿಲು ಮನುಷ್ಯರ ಹಟಕ್ಕೆ ತೆರೆಯಿತು.

ಈಗ ಬಾಬಾಸಾಹೇಬರ ವಿಷಯಕ್ಕೆ ಬರೋಣ. ಅಮರ ಚಿತ್ರ ಕಥಾದಲ್ಲಿ ಅವರ ಪುಸ್ತಕ ಬಂದದ್ದು 1979ರಲ್ಲಿ, ಸರಣಿ ಶುರುವಾಗಿ ಹನ್ನೆರಡು ವರ್ಷದ ಮೇಲೆ. ಅದರ ಹಿಂದಿನ ವರ್ಷ, 1978ರ ಜುಲೈಯಲ್ಲಿ, ಮರಾಠವಾಡ ವಿಶ್ವವಿದ್ಯಾಲಯಕ್ಕೆ ಬಾಬಾಸಾಹೇಬರ ಹೆಸರಿಡಲು ಮಹಾರಾಷ್ಟ್ರದ ಶಾಸನಸಭೆ ನಿರ್ಣಯ ಮಾಡಿದ್ದೇ ತಡ, ಅಲ್ಲಿ ದಲಿತರ ಕೇರಿಗಳಿಗೆ ಬೆಂಕಿ ಬಿತ್ತು. ಹೆಸರು ಬರಲು 1994ರ ಜನವರಿ ಆಗಬೇಕಾಯಿತು. ವಿಶ್ವವಿದ್ಯಾಲಯದ ಹಲಗೆ ಮೇಲೆ ಆ ಹೆಸರು ಸಹಿಸದ ಸಮಾಜ ಮಕ್ಕಳ ಪುಸ್ತಕದ ಮೇಲೆ ಅದನ್ನು ಸಹಿಸಿತು. ಯಾಕೆ? ಇದನ್ನು ನಾವು ಯೋಚನೆ ಮಾಡಬೇಕು.

ಆ ಪುಸ್ತಕದಿಂದ ನಮಗೆ ಒಳ್ಳೆಯದಾಗಿಲ್ಲ ಅಂತ ನಾವು ಹೇಳೋದಿಲ್ಲ. ಭೀಮರಾವ್ ಅನ್ನುವ ಹೆಸರನ್ನು ಅದರಲ್ಲೇ ಮೊದಲು ಓದಿದ ಮಕ್ಕಳಿದ್ದಾರೆ. ಆದರೆ ಆ ಸರಣಿ ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲೀತದೆ. ಮೂವತ್ತೆರಡು ಪುಟ, ಒಬ್ಬ ಮಹಾಪುರುಷ, ಹುಟ್ಟು, ಕಷ್ಟ, ಗೆಲುವು. ರಾಮನಿಗೂ ಅದೇ ಅಂಗಿ, ಕೃಷ್ಣನಿಗೂ ಅದೇ, ಬಾಬಾಸಾಹೇಬರಿಗೂ ಅದೇ. ಅಂಗಡಿಯಲ್ಲಿ ಮೂವರನ್ನೂ ಒಂದೇ ದಾರಕ್ಕೆ ನೇತುಹಾಕ್ತಾರೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರಿಗೆ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಎರಡನೆಯದೇ ರಾಮಕೃಷ್ಣರನ್ನು ದೇವರೆಂದು ಒಪ್ಪೋದಿಲ್ಲ, ಪೂಜಿಸೋದಿಲ್ಲ ಅಂತ. ಬುದ್ಧ ವಿಷ್ಣುವಿನ ಅವತಾರ ಅನ್ನೋದು ಸುಳ್ಳು ಪ್ರಚಾರ ಅಂತಲೂ ಒಂದು ಪ್ರತಿಜ್ಞೆ ಇದೆ. ಅಂಥವರನ್ನು ಅದೇ ದೇವರ ಸಾಲಿನಲ್ಲಿ ಕೂರಿಸಿದರೆ ಅದು ಗೌರವವೋ, ಬಾಯಿ ಮುಚ್ಚಿಸೋದೋ?

ಒಬ್ಬನೇ ನಾಯಕ ಅನ್ನುವ ಆ ಅಂಗಿಯಲ್ಲಿ ಚಳವಳಿ ಹಿಡಿಸೋದಿಲ್ಲ. ಮಹಾಡವನ್ನೇ ನೋಡಿ. ಸಾರ್ವಜನಿಕ ಕೆರೆ ಬಾವಿ ಎಲ್ಲರಿಗೂ ಮುಕ್ತ ಅಂತ ಮುಂಬೈ ಶಾಸನಸಭೆ 1923ರಲ್ಲಿ ನಿರ್ಣಯ ಮಾಡಿತು. 1927ರ ಮಾರ್ಚ್ 20ರಂದು ಸಾವಿರಾರು ಜನ ನಡೆದು ಹೋಗಿ ಚವದಾರ್ ಕೆರೆಯ ನೀರು ಮುಟ್ಟಿದರು. ಸವರ್ಣೀಯರು ದೊಣ್ಣೆ ಹಿಡಿದು ಬಂದರು. ಆಮೇಲೆ ಸಗಣಿ ಗಂಜಲ ಸುರಿದು ಕೆರೆ 'ಶುದ್ಧ' ಮಾಡಿದರು. ಕೇಸು ಹೈಕೋರ್ಟಿನಲ್ಲಿ ತೀರ್ಮಾನವಾಗಿದ್ದು 1937ರಲ್ಲಿ. ಹತ್ತು ವರ್ಷ! ಬೊಗಸೆಯಲ್ಲಿ ನೀರೆತ್ತಿದ ನಾಯಕನನ್ನು ಒಂದು ಚೌಕದಲ್ಲಿ ಬರೆಯಬಹುದು. ಹೊಡೆತ ತಿಂದು ಊರಿಗೆ ಹೋದವರ ಹತ್ತು ವರ್ಷವನ್ನು ಯಾವ ಚೌಕದಲ್ಲಿ ಬರೀತೀರಿ?

ಇನ್ನೊಂದು ಮಾತು. ದೇವರ ಚಿತ್ರಕತೆ ಯಾರ ಅಪ್ಪಣೆಯೂ ಇಲ್ಲದೆ ಮನೆಮನೆಗೆ ಹೋಗ್ತದೆ. ಅದೇ ದೇವರ ಬಗ್ಗೆ ಬಾಬಾಸಾಹೇಬರು ಕೇಳಿದ ಪ್ರಶ್ನೆಗಳು 1987ರಲ್ಲಿ 'ಹಿಂದೂ ಧರ್ಮದ ಒಗಟುಗಳು' ಅಂತ ಸರ್ಕಾರದ ಸಂಪುಟದಲ್ಲಿ ಅಚ್ಚಾದಾಗ ಏನಾಯಿತು? ರಾಮಕೃಷ್ಣರ ಒಗಟಿನ ಭಾಗ ತೆಗೆಯಿರಿ ಅಂತ ಗಲಾಟೆ. ಸರ್ಕಾರ ಹೆದರಿತು. ದಲಿತರು ಮುಂಬೈಯಲ್ಲಿ ದೊಡ್ಡ ಮೆರವಣಿಗೆ ತೆಗೆದ ಮೇಲೆ ಆ ಭಾಗ ಉಳಿಯಿತು, ಅದೂ 'ಸರ್ಕಾರ ಇದನ್ನು ಒಪ್ಪಬೇಕೆಂದಿಲ್ಲ' ಅನ್ನುವ ಟಿಪ್ಪಣಿಯ ಜೊತೆ. ಉತ್ತರ ಕೊಡುವ ಪುಸ್ತಕಕ್ಕೆ ರಾಜಮಾರ್ಗ, ಪ್ರಶ್ನೆ ಕೇಳುವ ಪುಸ್ತಕಕ್ಕೆ ಟಿಪ್ಪಣಿಯ ಬೇಲಿ.

ಹಾಗಾದರೆ ನಾವೇನು ಮಾಡಬೇಕು? ಬಸವಲಿಂಗಪ್ಪನವರು ಮನೆಯಲ್ಲಿರುವ ದೇವರ ಪಟಗಳನ್ನು ಚರಂಡಿಗೆ ಬಿಸಾಕಿ ಅಂತ ದಲಿತರಿಗೆ ಕರೆ ಕೊಟ್ಟಿದ್ದರು. 1973ರಲ್ಲಿ ಮೈಸೂರಿನಲ್ಲಿ 'ಬೂಸಾ' ಅಂದದ್ದಕ್ಕೆ ಮಂತ್ರಿಗಿರಿ ಬಿಡಬೇಕಾಯಿತು. ಅವರ ಸಿಟ್ಟು ನಮ್ಮ ಸಿಟ್ಟು. ಆದರೆ ಪಟ ಬಿಸಾಕಿದ ಗೋಡೆ ಖಾಲಿ ಉಳಿದರೆ ಹಳೆಯ ದೇವರೇ ಬೇರೆ ಬಣ್ಣದಲ್ಲಿ ಬಂದು ಕೂರ್ತಾನೆ. ಗೋಡೆ ಮೇಲೆ ನಾವೇ ಬರೆಯಬೇಕು.

ಬರೆದವರಿದ್ದಾರೆ. ಜಪಾನಿನ ತೆಜುಕಾ ಒಸಾಮು 1972ರಿಂದ 1983ರವರೆಗೆ ಬುದ್ಧನ ಕತೆಯನ್ನು ಕಾಮಿಕ್ಸ್ ಮಾಡಿದ. ಅದು ಅರಮನೆಯಲ್ಲಿ ಶುರುವಾಗೋದಿಲ್ಲ. ಚಾಪ್ರ ಅನ್ನುವ ಗುಲಾಮ ಹುಡುಗ, ತತ್ತ ಅನ್ನುವ ಹೊಲೆಯರ ಹುಡುಗ, ಇವರ ಕತೆ ಮೊದಲು. ಚಾಪ್ರ ಹುಟ್ಟನ್ನು ಮುಚ್ಚಿಟ್ಟು ಸೇನಾಪತಿಯ ಸಾಕುಮಗನಾಗ್ತಾನೆ. ಗುಟ್ಟು ಬಯಲಾದ ಮೇಲೆ ಅವನೂ ಸಾಯ್ತಾನೆ, ಅವನ ತಾಯಿಯೂ ಸಾಯ್ತಾಳೆ. ಬುದ್ಧ ಯಾಕೆ ಬೇಕಾಗಿತ್ತು ಅನ್ನೋದು ಅದನ್ನು ಓದಿದ ಮಗುವಿಗೆ ಯಾರೂ ಹೇಳದೆ ಗೊತ್ತಾಗ್ತದೆ. ಎಲ್ಲೋ ದೂರದ ದೇಶದವನಿಗೆ ಕಂಡ ಕೇರಿ ನಮ್ಮ ದೇಶದ ಚಿತ್ರಗಾರರಿಗೆ ಕಾಣಲಿಲ್ಲವೇ?

ಕಂಡವರೂ ಇದ್ದಾರೆ. 2011ರಲ್ಲಿ 'ಭೀಮಾಯಣ' ಬಂತು. ಚಿತ್ರ ಬರೆದವರು ಮಧ್ಯಪ್ರದೇಶದ ಪರಧಾನ್ ಗೊಂಡ ಬುಡಕಟ್ಟಿನ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್. ಮಾತು ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರದು. ನೀರು, ಆಸರೆ, ಪ್ರಯಾಣ ಅಂತ ಅದರಲ್ಲಿ ಭಾಗಗಳು. 1901ರಲ್ಲಿ ಗೋರೆಗಾಂವಿಗೆ ಅಪ್ಪನನ್ನು ನೋಡಲು ಹೊರಟ ಹುಡುಗರು ರಾತ್ರಿಯಿಡೀ ಗಾಡಿಯಲ್ಲಿ ನೀರಿಲ್ಲದೆ ಹೋದದ್ದು, ಬರೋಡದಲ್ಲಿ ವಿದೇಶದಿಂದ ಓದಿ ಬಂದವರಿಗೆ ತಲೆಮರೆಸಲು ಮನೆ ಸಿಗದೆ ಹೋದದ್ದು, ಎಲ್ಲ ಇದೆ. ನಡುನಡುವೆ ಇತ್ತೀಚಿನ ಪತ್ರಿಕೆಗಳಲ್ಲಿ ಬಂದ ದೌರ್ಜನ್ಯದ ಸುದ್ದಿಗಳಿವೆ. ಹಳೇ ಕತೆ ಮುಗೀತು ಅಂತ ಪುಸ್ತಕ ಮುಚ್ಚಲು ಬಿಡೋದಿಲ್ಲ.

ಆ ಕಲಾವಿದರು ಚೌಕ ಹಾಕಲು ಒಪ್ಪಲಿಲ್ಲ. ಚೌಕದಲ್ಲಿ ಜನರಿಗೆ ಉಸಿರು ಕಟ್ಟುತ್ತದೆ ಅಂದರು. ತಮ್ಮ ಮನೆಯ ನೆಲ ಗೋಡೆಗೆ ಬರೆಯುವ ದಿಗ್ನಾ ಗೆರೆಗಳಲ್ಲೇ ಪುಟ ಭಾಗ ಮಾಡಿದರು. ಮಾತಿನ ಗುಳ್ಳೆ ನೋಡಿ: ಒಳ್ಳೆಯ ಮಾತಾಡಿದರೆ ಹಕ್ಕಿಯ ಆಕಾರ, ಜಾತಿಯ ವಿಷ ಕಕ್ಕಿದರೆ ಗುಳ್ಳೆಗೆ ಚೇಳಿನ ಕೊಂಡಿ. ಅಕ್ಷರ ಬಾರದ ನಮ್ಮ ಅವ್ವನಿಗೂ ಅದು ಗೊತ್ತಾಗ್ತದೆ, ಯಾಕೆಂದರೆ ಆ ಕೊಂಡಿ ಅವಳಿಗೆ ಕುಟುಕಿದೆ. ಹೆಸರಿನಲ್ಲಿ ರಾಮಾಯಣದ ನೆರಳು ಇದೆಯಲ್ಲ ಅಂತ ಯಾರಾದರೂ ಕೇಳಬಹುದು. ಕೇಳಲಿ, ಕೇಳಬೇಕು. ನಮ್ಮ ಪುಸ್ತಕಗಳನ್ನೂ ಪ್ರಶ್ನೆ ಮಾಡಿಯೇ ಓದೋಣ.

ಗೆಳೆಯರೇ, ಇವತ್ತಿಂದ ಮಾಡಬಹುದಾದ ಮೂರು ಕೆಲಸ ಹೇಳಿ ಮುಗಿಸ್ತೇವೆ.

ಒಂದು, ಮಕ್ಕಳ ಕೈಯಿಂದ ಪುಸ್ತಕ ಕಿತ್ತುಕೊಳ್ಳಬೇಡಿ. ಪಕ್ಕದಲ್ಲಿ ಕೂತು ಓದಿ. ಇದರಲ್ಲಿ ಯಾರು ಮಾತಾಡ್ತಾರೆ, ಯಾರು ಸುಮ್ಮನಿದ್ದಾರೆ? ಯಾರಿಗೆ ಯಾವ ಬಣ್ಣ? ಯಾವ ಚಿತ್ರ ಬರೆಯದೆ ಬಿಟ್ಟಿದ್ದಾರೆ? ಈ ಮೂರು ಪ್ರಶ್ನೆ ಕೇಳಲು ಕಲಿಸಿ. ಪ್ರಶ್ನೆ ಕಲಿತ ಮಗುವನ್ನು ಯಾವ ಪುಸ್ತಕವೂ ಕೆಡಿಸಲಾರದು.

ಎರಡು, ನಮ್ಮ ಕತೆಗಳಿಗೆ ಗೆರೆ ಹಾಕಿ. ನೀಲಗಾರರು ಹಾಡುವ ಮಂಟೇಸ್ವಾಮಿ ಕಲ್ಯಾಣದ ಬಾಗಿಲಿಗೆ ಹೇಗೆ ಬಂದ? ಹೆಂಡದ ಗಡಿಗೆ ಹಿಡಿದು, ಸತ್ತ ಕರು ಹೊತ್ತು ಬಂದ. ಬಾಗಿಲು ಕಾಯುವ ಶರಣರು ಮೂಗು ಮುಚ್ಚಿಕೊಂಡರು. ಇದಕ್ಕಿಂತ ದೊಡ್ಡ ಚಿತ್ರ ಯಾವುದಿದೆ? ಹಾಸ್ಟೆಲ್ಲಿನ ಗೋಡೆಪತ್ರಿಕೆಯಲ್ಲಿ ಬರೆಯಿರಿ. ಇದ್ದಿಲು ಇದ್ದರೂ ಸಾಕು.

ಮೂರನೆಯದು ನಮಗೇ ಕಹಿ. ಬಾಬಾಸಾಹೇಬರನ್ನು ದೇವರು ಮಾಡಬೇಡಿ. ರಾಜಕಾರಣದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ ಅಂತ ಅವರೇ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದಾರೆ. ಅವರ ಪಟಕ್ಕೆ ಊದುಬತ್ತಿ ಹಚ್ಚಿ, ತಲೆಯ ಸುತ್ತ ಪ್ರಭೆ ಬರೆದು, ಕೈ ಮುಗಿದು ಮಲಗಿದರೆ ನಾವೂ ಅದೇ ಚೌಕ ಹಾಕಿದಂತೆ. ಅವರ ಕೈಯಲ್ಲಿರೋದು ಪುಸ್ತಕ. ವರ ಕೊಡುವ ಹಸ್ತ ಬೇರೆ, ಪುಸ್ತಕ ಹಿಡಿದ ಹಸ್ತ ಬೇರೆ. ಮೊದಲನೆಯದರ ಕೆಳಗೆ ತಲೆ ಬಾಗಿಸಬೇಕು. ಎರಡನೆಯದರ ಮುಂದೆ ತಲೆ ಎತ್ತಿ ಓದಬೇಕು.

ಜೈಭೀಮ್.